ಹಲಗೆಯಾಚೆಯ ಅರ್ಧ ಪಾಠ

ನಾನು ಕೆಲಸ ಮಾಡುವ ಹೈಸ್ಕೂಲಿನಲ್ಲಿ ಒಂಬತ್ತನೆಯ ತರಗತಿಗೂ ಹತ್ತನೆಯ ತರಗತಿಗೂ ನಡುವೆ ಗೋಡೆ ಇಲ್ಲ, ಸಿಲ್ವರ್ ಓಕ್ ಮರದ ಹಲಗೆ ಇದೆ. ಯಾವುದೋ ಕಾಲದಲ್ಲಿ ಒಂದು ದೊಡ್ಡ ಕೋಣೆಯನ್ನು ಎರಡು ಮಾಡಬೇಕಾಗಿ ಬಂದಾಗ ಹೊಡೆಸಿದ್ದು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬೆರಳು ತೂರುವಷ್ಟು ಸಂದು ಬಿಡುತ್ತದೆ. ಆ ಹಲಗೆಯ ಈಚೆ ಕನ್ನಡ ಪಂಡಿತನಾಗಿ ನಾನು, ಆಚೆ ವಿಜ್ಞಾನದ ಟೀಚರಾಗಿ ಅವರು, ಹನ್ನೊಂದು ವರ್ಷ ಪಾಠ ಮಾಡಿದೆವು. ನಾನು ಕಲಿತ ವಿಜ್ಞಾನವೆಲ್ಲ ಆ ಸಂದಿನಿಂದ ಬಂದದ್ದು. ನನ್ನ ಕಡೆಯಿಂದ ಅವರಿಗೆ ಎಷ್ಟು ಕನ್ನಡ ಹೋಯಿತೋ ಗೊತ್ತಿಲ್ಲ. ನನ್ನ ದನಿ ಜೋರಾಯಿತೆಂಬ ದೂರು ಮಾತ್ರ ವಾರಕ್ಕೊಮ್ಮೆ ಹೆಡ್‌ಮಾಸ್ಟರ ಮೇಜಿಗೆ ಹೋಗುತ್ತಿತ್ತು.

ಕಳೆದ ಮೇ ತಿಂಗಳಲ್ಲಿ ಅವರು ತೀರಿಕೊಂಡರು. ನಿವೃತ್ತಿಯಾಗಿ ಎರಡು ವರ್ಷವೂ ತುಂಬಿರಲಿಲ್ಲ. ಅವರ ಬಗ್ಗೆ ಶಾಲೆಯ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡಿ ಎಂದು ಹೆಡ್‌ಮಾಸ್ಟರು ಕೇಳಿದ್ದಾರೆ. ಬರೆಯುತ್ತೇನೆ, ಆದರೆ ಹೆಸರು ಹಾಕುವುದಿಲ್ಲ. ಹೊಗಳಿಸಿಕೊಳ್ಳುವುದು ಅವರಿಗೆ ಆಗದ ವಿಷಯ. ಕನ್ನಡದವರು ಎಲ್ಲದಕ್ಕೂ ಸಕ್ಕರೆ ಜಾಸ್ತಿ ಹಾಕ್ತೀರಿ ಎಂಬುದು ನನ್ನ ಭಾಷಣಗಳ ಮೇಲೆ ಅವರಿಗಿದ್ದ ಶಾಶ್ವತ ಆಕ್ಷೇಪ. ಹಾಗಾಗಿ ಸಕ್ಕರೆ ಕಡಿಮೆ ಹಾಕಿಯೇ ಬರೆಯುತ್ತೇನೆ. ಗುರುತಿದ್ದವರಿಗೆ ಹೇಗೂ ಗುರುತು ಸಿಗುತ್ತದೆ.

ಅವರ ತಂದೆ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಜಮೀನು ಮಾಡಿಕೊಂಡವರು. ನಮ್ಮ ಸ್ಟಾಫ್ ರೂಮಿನಲ್ಲಿ ಕೊಡವ ಭಾಷೆ, ಮಲಯಾಳ, ತುಳು, ನನ್ನ ಮನೆಮಾತಾದ ಅರೆಭಾಷೆ ಎಲ್ಲ ಕಲಸಿಕೊಂಡಿರುತ್ತಿದ್ದವು. ಅದರ ನಡುವೆ ಅವರ ‘ಕಣ್ರೀ’ ಬೇರೆಯೇ ಕೇಳಿಸುತ್ತಿತ್ತು. ಗಿಡ್ಡ ಆಳು, ದಪ್ಪ ಕನ್ನಡಕ, ಸೆರಗನ್ನು ಯಾವಾಗಲೂ ಸೊಂಟಕ್ಕೆ ಬಿಗಿದಿರುತ್ತಿದ್ದರು. ಏನನ್ನಾದರೂ ಯೋಚಿಸುವಾಗ ಹೆಬ್ಬೆರಳನ್ನೂ ತೋರುಬೆರಳನ್ನೂ ಒಂದಕ್ಕೊಂದು ನಿಧಾನವಾಗಿ ಉಜ್ಜುತ್ತಿದ್ದರು. ಬೆರಳಿಗೆ ಸೋಪಿನ ನೀರು ಹತ್ತಿದೆಯೋ ಎಂದು ನೋಡುವ ಹಾಗೆ. ಅದು ಅವರ ಕಸುಬಿನಿಂದ ಬಂದ ಚಾಳಿ ಎಂದು ಆಮೇಲೆ ತಿಳಿಯಿತು.

ಅವರ ಕನ್ನಡಕದ ಡಬ್ಬಿಯಲ್ಲಿ ಕನ್ನಡಕ ಇರುತ್ತಿರಲಿಲ್ಲ. ಅರಿಸಿನದ ನೀರಿನಲ್ಲಿ ಅದ್ದಿ, ಒಣಗಿಸಿ, ಸಣ್ಣಗೆ ಕತ್ತರಿಸಿದ ಕಾಗದದ ಪಟ್ಟಿಗಳಿರುತ್ತಿದ್ದವು. ಕ್ಷಾರ ತಗುಲಿದರೆ ಅರಿಸಿನ ಕೆಂಪಾಗುತ್ತದೆ, ಕುಂಕುಮ ಮಾಡುವವರಿಗೆ ಗೊತ್ತಿರುವ ಸಂಗತಿ ಅದು. ಸುಂಟಿಕೊಪ್ಪದ ಅಂಗಡಿಯಲ್ಲಿ ಬಟ್ಟೆ ಸೋಪು ಕೊಳ್ಳುವಾಗಲೂ ಪಟ್ಟಿಯನ್ನು ಒದ್ದೆ ಮಾಡಿ ಸೋಪಿಗೆ ಒತ್ತಿ, ಎಷ್ಟು ಕೆಂಪಾಯಿತೆಂದು ಬೆಳಕಿಗೆ ಹಿಡಿದು ನೋಡಿ, ಕೈ ತಿನ್ನುವ ಸೋಪು ಬೇಡವೆಂದು ವಾಪಸು ಕೊಡುತ್ತಿದ್ದರು. ಮೊದಮೊದಲು ಅಂಗಡಿಯವನಿಗೆ ಸಿಟ್ಟು ಬರುತ್ತಿತ್ತು. ಕೊನೆಕೊನೆಗೆ ಅವನೇ ಹೊಸ ಸೋಪು ಬಂದರೆ ಅವರ ಮುಂದಿಟ್ಟು ಕಾಯುತ್ತಿದ್ದ.

ಹತ್ತನೆಯ ತರಗತಿಯಲ್ಲಿ ಆಮ್ಲ, ಪ್ರತ್ಯಾಮ್ಲದ ಪಾಠ ಶುರುವಾಯಿತೆಂದರೆ ನನ್ನ ತರಗತಿ ಕೆಟ್ಟಿತೆಂದೇ ಲೆಕ್ಕ. ಅವರ ಮಕ್ಕಳು ಹೇಳುತ್ತಿದ್ದುದೆಲ್ಲ ರಾಗವಾಗಿ ಈಚೆಗೆ ಬರುತ್ತಿತ್ತು. ಎಲ್ಲ ಕ್ಷಾರವೂ ಪ್ರತ್ಯಾಮ್ಲ, ಎಲ್ಲ ಪ್ರತ್ಯಾಮ್ಲವೂ ಕ್ಷಾರವಲ್ಲ. ನೀರಿನಲ್ಲಿ ಕರಗಿದರೆ ಮಾತ್ರ ಕ್ಷಾರ. ಆಮ್ಲಕ್ಕೆ ಪ್ರತ್ಯಾಮ್ಲ ಸೇರಿದರೆ ಲವಣ ಮತ್ತು ನೀರು. ನನ್ನ ಪರೀಕ್ಷೆಯಲ್ಲಿ ಸ್ವಂತ ವಾಕ್ಯ ರಚಿಸಿ ಎಂದು ಕೇಳಿದರೆ ಒಬ್ಬಳು ಎಲ್ಲ ಕ್ಷಾರವೂ ಪ್ರತ್ಯಾಮ್ಲವೆಂದು ಬರೆದಿದ್ದಳು. ವಾಕ್ಯ ಸರಿಯಿತ್ತು, ಪೂರ್ತಿ ಅಂಕ ಕೊಟ್ಟೆ. ಹೆಡ್‌ಮಾಸ್ಟರು ಹಂದಿಕರಿ ತಿಂದ ಮರುದಿನ ಎದೆಯುರಿಗೆ ಕುಡಿಯುವ ಬಿಳಿ ಔಷಧಿಯ ಬಾಟಲಿಯೂ ಒಮ್ಮೆ ಆ ಪಾಠಕ್ಕೆ ಹೋಗಿತ್ತು. ಅದೂ ಪ್ರತ್ಯಾಮ್ಲವೇ, ಆದರೆ ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಅದಕ್ಕೇ ನಿಮ್ಮ ಹೆಡ್‌ಮಾಸ್ಟರ ಗಂಟಲು ಉಳಿದಿದೆ ಎಂದು ಅವರು ಹೇಳಿದ್ದು, ಮಕ್ಕಳು ನಕ್ಕಿದ್ದು, ಹೆಡ್‌ಮಾಸ್ಟರು ವರಾಂಡದಲ್ಲೇ ನಿಂತು ಕೇಳಿಸಿಕೊಂಡದ್ದು ಎಲ್ಲವೂ ನನಗೆ ನೆನಪಿದೆ.

ಅವರು ಆಸಿಡ್ಡಿಗಿಂತ ಕ್ಷಾರಕ್ಕೆ ಹೆಚ್ಚು ಹೆದರುತ್ತಿದ್ದರು. ನನಗೆ ಅದು ವಿಚಿತ್ರ ಅನ್ನಿಸುತ್ತಿತ್ತು. ಆಸಿಡ್ ಅಂದರೆ ಊರಿಗೆಲ್ಲ ಭಯ, ಸುಣ್ಣ ಅಂದರೆ ಎಲೆಗೆ ಹಚ್ಚಿ ಬಾಯಿಗೆ ಹಾಕಿಕೊಳ್ಳುವುದು. ಒಂದು ದಿನ ಕೇಳಿದ್ದಕ್ಕೆ ಬೆರಳು ಉಜ್ಜುತ್ತಾ ಹೇಳಿದರು.

“ಆಸಿಡ್ ಬೈಯುತ್ತೆ ಪಂಡಿತ್ರೇ, ಕ್ಷಾರ ಸವರುತ್ತೆ. ಬೈದ್ರೆ ಕೈ ಹಿಂದಕ್ಕೆ ತಗೋತೀರಿ. ಸವರಿದ್ರೆ ಸುಮ್ಮನೆ ನಿಂತಿರ್ತೀರಿ. ಆ ನುಣುಪು ಏನು ಅಂದ್ಕೊಂಡ್ರಿ? ನಿಮ್ಮ ಚರ್ಮದ ಜಿಡ್ಡೇ ಸೋಪಾಗ್ತಿರೋದು ಕಣ್ರೀ.”

ಇನ್ನು ಅವರ ನಲ್ಲಿ ವ್ರತ. ಪಾಠ ಶುರು ಮಾಡುವ ಮೊದಲ ದಿನ ಅವರು ಪುಸ್ತಕ ತೆಗೆಯುತ್ತಿರಲಿಲ್ಲ. ಇಡೀ ತರಗತಿಯನ್ನು ವರಾಂಡದ ತುದಿಯ ನಲ್ಲಿಯ ಹತ್ತಿರ ಕರೆದುಕೊಂಡು ಹೋಗುತ್ತಿದ್ದರು. ಮೊದಲು ತಾವೇ ಬಗ್ಗಿ, ಕನ್ನಡಕ ತೆಗೆದು, ಎರಡು ಬೆರಳಿನಿಂದ ರೆಪ್ಪೆ ಬಿಡಿಸಿ, ನೀರನ್ನು ಕಣ್ಣಿನ ಮೇಲೆ ಹರಿಯಬಿಡುತ್ತಿದ್ದರು. ಆಮೇಲೆ ಇಬ್ಬಿಬ್ಬರಾಗಿ ಮಕ್ಕಳು. ಒಬ್ಬರು ಬಗ್ಗುವುದು, ಇನ್ನೊಬ್ಬರು ರೆಪ್ಪೆ ಹಿಡಿಯುವುದು. ನನ್ನ ಕಿಟಕಿಯಿಂದ ಕಾಣುತ್ತಿದ್ದುದು ಇಷ್ಟೇ: ಸಾಲಾಗಿ ಮಕ್ಕಳು, ಒದ್ದೆ ತಲೆ, ಒದ್ದೆ ಯೂನಿಫಾರ್ಮು, ನಗು. ಅಲ್ಲಿ ಅವರು ಏನು ಹೇಳುತ್ತಿದ್ದರೆಂಬುದು ನನಗೆ ಕೇಳಿಸುತ್ತಿರಲಿಲ್ಲ. ಹಲಗೆಯ ಸಂದಿನಿಂದ ಬಾರದ ಪಾಠ ಅದೊಂದೇ.

ಕೇಳಿಸದ್ದಕ್ಕೆ ನಾನು ತಮಾಷೆ ಮಾಡಿದೆ, ಅದೂ ಪ್ರತಿ ವರ್ಷ. ಇವತ್ತು ಮಕ್ಕಳಿಗೆ ಸ್ನಾನವೋ ಎಂದು ಒಮ್ಮೆ, ರಸಾಯನಶಾಸ್ತ್ರ ಹೋಗಿ ಮುಖ ತೊಳೆಯುವ ಶಾಸ್ತ್ರ ಬಂತೋ ಎಂದು ಇನ್ನೊಮ್ಮೆ. ಸ್ಟಾಫ್ ರೂಮು ನಗುತ್ತಿತ್ತು, ಅವರು ಮಾತ್ರ ನಗುತ್ತಿರಲಿಲ್ಲ. “ನಿಮ್ಮ ಮಕ್ಕಳು ಪಾಠ ಅರ್ಧ ಕಲಿತ್ರೆ ಮಾರ್ಕ್ಸ್ ಹೋಗುತ್ತೆ ಪಂಡಿತ್ರೇ, ಅಷ್ಟೇ ತಾನೇ” ಎಂದು ಹೇಳಿ ಒದ್ದೆ ಸೆರಗನ್ನು ಹಿಂಡಿಕೊಳ್ಳುತ್ತಿದ್ದರು. ಮುಂದಿನ ಮಾತನ್ನು ಹೇಳುತ್ತಿರಲಿಲ್ಲ, ನಾನೂ ಕೇಳಲಿಲ್ಲ.

ಮಾದಾಪುರದಲ್ಲಿ ನಮಗೆ ಮೂರು ಎಕರೆ ಕಾಫಿ ಇದೆ, ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿದೆ. ಮೇಷ್ಟ್ರ ತೋಟ ಅಂದರೆ ಶನಿವಾರ ಮಧ್ಯಾಹ್ನದಿಂದ ಭಾನುವಾರ ಸಂಜೆಯವರೆಗಿನ ತೋಟ. ಎರಡು ದಿನದ ಕೆಲಸವನ್ನು ಒಂದೇ ದಿನದಲ್ಲಿ ಮುಗಿಸುವ ಉಪಾಯ ಹುಡುಕುವುದರಲ್ಲಿ ನಾನು ನಿಸ್ಸೀಮ. ಒಂದು ವರ್ಷ ಗಿಡಗಳ ಬುಡಕ್ಕೆ ಸುಣ್ಣವನ್ನೂ ಅಮೋನಿಯಂ ಸಲ್ಫೇಟ್ ಗೊಬ್ಬರವನ್ನೂ ಬೇರೆ ಬೇರೆ ಹಾಕುವ ಬದಲು ಎರಡನ್ನೂ ಕಣದಲ್ಲಿ ರಾಶಿ ಹಾಕಿ, ಕಲಸಿ, ಒಂದೇ ಸುತ್ತಿನಲ್ಲಿ ಹಾಕಿ ಮುಗಿಸಿದೆ. ಕಲಸುವಾಗ ಮೂಗು ಕಿತ್ತು ಬರುವಂಥ ಘಾಟು, ಕಣ್ಣಲ್ಲಿ ನೀರು. ಒಳ್ಳೆಯ ಗೊಬ್ಬರವೆಂದರೆ ಹೀಗೇ ಇರಬೇಕು ಎಂದುಕೊಂಡೆ.

ಸೋಮವಾರ ಅದೇ ಸ್ವೆಟರಿನಲ್ಲಿ ಶಾಲೆಗೆ ಹೋದೆ. ಅವರು ನನ್ನ ಪಕ್ಕದಲ್ಲಿ ಹಾದುಹೋಗುತ್ತಿದ್ದವರು ನಿಂತು ಮೂಗೆಳೆದರು. ಗೊಬ್ಬರಕ್ಕೆ ಸುಣ್ಣ ಬೆರೆಸಿದ್ರಾ ಎಂದು ಕೇಳಿದರು. ಹೌದೆಂದೆ. ಸುಣ್ಣ ತಗುಲಿದ್ದೇ ಗೊಬ್ಬರದೊಳಗಿನ ಅಮೋನಿಯ ಅನಿಲವಾಗಿ ಹಾರಿಹೋಗುತ್ತದೆ, ಅದೂ ಒಂದು ಪ್ರತ್ಯಾಮ್ಲವೇ, ಮಾದಾಪುರದ ಗಾಳಿಗೆ ಗೊಬ್ಬರ ಹಾಕಿ ಬಂದಿದ್ದೀರಿ, ಗಿಡಕ್ಕಲ್ಲ ಎಂದು ಶಾಂತವಾಗಿ ವಿವರಿಸಿದರು. ಸ್ಟಾಫ್ ರೂಮು ಆ ದಿನ ನನ್ನನ್ನು ನೋಡಿ ನಕ್ಕಿತು. ಕೊನೆಗೆ ಅವರು ಒಂದು ಅಪ್ಪಣೆ ಹೊರಡಿಸಿದರು. ಇನ್ನು ಮುಂದೆ ಯಾವುದನ್ನಾದರೂ ಯಾವುದಕ್ಕಾದರೂ ಬೆರೆಸುವ ಮೊದಲು ನಾನು ಅವರಿಗೊಂದು ಫೋನು ಮಾಡಬೇಕು. ಸೋತವನಿಗೆ ಬೇರೆ ದಾರಿ ಇರಲಿಲ್ಲ, ಒಪ್ಪಿಕೊಂಡೆ. ಹೀಗೆ ಒಪ್ಪಿಕೊಂಡದ್ದು ನನ್ನ ಜೀವನದಲ್ಲಿ ನಾನು ಮಾಡಿದ ದೊಡ್ಡ ಬುದ್ಧಿವಂತಿಕೆ.

ಮಳೆ ಹಿಡಿಯುವ ಮೊದಲು ಮೆಣಸಿನ ಬಳ್ಳಿಗೆ ಬೋರ್ಡೋ ದ್ರಾವಣ ಹೊಡೆಯಬೇಕು, ಇಲ್ಲದಿದ್ದರೆ ಸೊರಗು ರೋಗ ಬಂದು ಬಳ್ಳಿಗಳು ವಾರದಲ್ಲಿ ನೆಲಕ್ಕೆ ಬೀಳುತ್ತವೆ. ಮೈಲುತುತ್ತವೆಂಬ ತಾಮ್ರದ ನೀಲಿ ಉಪ್ಪು ಕರಗಿಸಿದ ನೀರು ಒಂದು ಕಡೆ, ಸುಣ್ಣದ ನೀರು ಇನ್ನೊಂದು ಕಡೆ ಮಾಡಿಕೊಂಡು ಎರಡನ್ನೂ ಕೂಡಿಸುವುದು. ಮೈಲುತುತ್ತದ ನೀರಿಗೆ ಆಮ್ಲದ ಗುಣ, ಬರಿದೇ ಹೊಡೆದರೆ ಎಲೆ ಸುಟ್ಟುಹೋಗುತ್ತದೆ, ಸುಣ್ಣ ಅದನ್ನು ಸರಿತೂಗಿಸಬೇಕು. ಸರಿತೂಗಿತೋ ಇಲ್ಲವೋ ನೋಡಲು ನಮ್ಮ ಕಡೆ ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ದ್ರಾವಣದಲ್ಲಿ ಅದ್ದುತ್ತಾರೆ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಒಂದು ವರ್ಷ ನಾನು ತೂಕ ಸರಿಯಾಗಿಯೇ ಹಾಕಿದ್ದರೂ ಕತ್ತಿ ಕೆಂಪಾಗುತ್ತಲೇ ಇತ್ತು. ಅಪ್ಪಣೆಯಂತೆ ಫೋನು ಮಾಡಿದೆ. ಚೀಲ ಎಷ್ಟು ದಿನದಿಂದ ಬಾಯಿ ಬಿಟ್ಟುಕೊಂಡಿದೆ ಎಂದು ಕೇಳಿದರು. ಹೋದ ವರ್ಷದಿಂದ ಎಂದೆ. ಸುಣ್ಣ ಸತ್ತಿದೆ ಎಂದರು. ನಾವು ಉಸಿರು ಬಿಟ್ಟಾಗ ಹೊರಬರುವ ಅದೇ ಅನಿಲವನ್ನು ಗಾಳಿಯಿಂದ ಕುಡಿದು ಕುಡಿದು ಅದು ಬೋರ್ಡಿನ ಮೇಲೆ ಬರೆಯುವ ಸೀಮೆಸುಣ್ಣದಂತೆ ಆಗಿಬಿಟ್ಟಿದೆಯಂತೆ. ತೂಕಕ್ಕೆ ಇದೆ, ಕೆಲಸಕ್ಕಿಲ್ಲ. ಕೆಲವು ಮೇಷ್ಟ್ರುಗಳ ಹಾಗೆ ಎಂದು ಸೇರಿಸುವುದನ್ನು ಅವರು ಮರೆಯಲಿಲ್ಲ.

ಆದ್ದರಿಂದ ಮುಂದಿನ ವರ್ಷ ಸುಣ್ಣದ ಗೂಡಿನಿಂದ ಆಗಷ್ಟೇ ತೆಗೆದ ಸುಟ್ಟ ಗಟ್ಟಿಗಳನ್ನು ತರಿಸಿದೆ. ಅದು ಜೀವಂತ ಸುಣ್ಣ, ನೀರು ಕಂಡರೆ ಕುದಿಯುತ್ತದೆ. ಅಗಲ ಪಾತ್ರೆಯಲ್ಲಿ ಮೊದಲೇ ನೀರಿಟ್ಟುಕೊಂಡು, ಒಂದೊಂದೇ ಗಟ್ಟಿ ಹಾಕಿ, ದೂರ ನಿಂತು ಅರಳಿಸಿ ಎಂದು ಟೀಚರು ಮೊದಲೇ ಹೇಳಿದ್ದರು. ಮೇ ಕೊನೆಯ ಆ ಭಾನುವಾರ ಬೆಳಿಗ್ಗೆ ಮಡಿಕೇರಿ ಕಡೆ ಮೋಡ ಕಟ್ಟಿತ್ತು. ಮದ್ದು ಹೊಡೆಯುವವನು ಹತ್ತು ಗಂಟೆಗೆ ಬರುತ್ತೇನೆಂದಿದ್ದ. ನಾನು ನನ್ನ ಉಪಾಯಕ್ಕಿಳಿದೆ. ಗಟ್ಟಿಗಳನ್ನೆಲ್ಲ ಒಂದೇ ಬಕೆಟ್ಟಿಗೆ ಸುರಿದು, ಒಂದು ಕೊಡ ನೀರನ್ನು ಒಮ್ಮೆಲೇ ಹೊಯ್ದೆ. ಕೋಲು ಹಿಡಿದು ಕದಡಲು ನಿಂತಿದ್ದವಳು ನನ್ನ ಹೆಂಡತಿ ದೇವಕಿ.

ಬಕೆಟ್ಟು ಒಂದು ಗಳಿಗೆ ಸುಮ್ಮನಿತ್ತು. ಆಮೇಲೆ ಭುಸ್ಸೆಂದು ಕುದಿದು ಹಾರಿತು. ದೇವಕಿ ಕೋಲು ಬಿಟ್ಟು ಎರಡೂ ಕೈಯಲ್ಲಿ ಬಲಗಣ್ಣು ಮುಚ್ಚಿಕೊಂಡು ಕಣದ ಮೇಲೆ ಕುಳಿತುಬಿಟ್ಟಳು.

ನಾನು ಆಗ ಏನು ಮಾಡಿದೆ ಎಂಬುದನ್ನು ಮುಚ್ಚಿಡದೆ ಬರೆಯಬೇಕು. ನನಗೆ ಗಾಬರಿಗಿಂತ ಮೊದಲು ಜ್ಞಾನ ಬಂತು. ಸುಣ್ಣ ಎಂದರೆ ಪ್ರತ್ಯಾಮ್ಲ. ಪ್ರತ್ಯಾಮ್ಲಕ್ಕೆ ಆಮ್ಲ ಸೇರಿದರೆ ಲವಣ ಮತ್ತು ನೀರು. ವರ್ಷ ವರ್ಷವೂ ಕೇಳಿದ ರಾಗ. ನೇರ ಅಡುಗೆಮನೆಗೆ ಓಡಿ ಕಾಚಂಪುಳಿಯ ಬಾಟಲಿ ತಂದೆ. ಹಂದಿಕರಿಗೆ ಹಾಕುವ ಆ ಕಪ್ಪು ಹುಳಿಗಿಂತ ದೊಡ್ಡ ಆಮ್ಲ ಕೊಡಗಿನ ಯಾವ ಮನೆಯಲ್ಲೂ ಇಲ್ಲ. ಮುಚ್ಚಳ ತೆಗೆದೆ. ಇವಳ ತಲೆ ಹಿಂದಕ್ಕೆ ಬಾಗಿಸಿದೆ. ಆಗ ಅಪ್ಪಣೆ ನೆನಪಾಯಿತು, ಬೆರೆಸುವ ಮೊದಲು ಫೋನು. ಎಷ್ಟು ಹುಳಿಗೆ ಎಷ್ಟು ನೀರು ಎಂದು ಒಂದು ಮಾತು ಕೇಳಿಬಿಡೋಣ, ತಪ್ಪಾಗಿ ಮತ್ತೆ ಸ್ಟಾಫ್ ರೂಮಿನಲ್ಲಿ ನಗಿಸಿಕೊಳ್ಳುವುದು ಬೇಡ ಎಂದುಕೊಂಡೆ. ನೆಟ್‌ವರ್ಕ್ ಸಿಗುವುದು ನಮ್ಮ ಕಣದ ಮೂಲೆಯಲ್ಲಿ ಮಾತ್ರ, ನಾವು ಇದ್ದದ್ದೂ ಅಲ್ಲೇ.

ಟೀಚರು ಮೊದಲ ರಿಂಗಿಗೇ ಎತ್ತಿದರು. ಹೇಳಿದೆ. ಕಾಚಂಪುಳಿ ಕೈಯಲ್ಲೇ ಇದೆ ಎಂದೂ ಹೇಳಿದೆ.

“ಹಾಕಿದ್ರಾ?”

“ಇಲ್ಲ, ಅಳತೆ ಕೇಳುವ ಅಂತ...”

“ಬಾಟ್ಲಿ ಎಸೀರಿ. ಫೋನ್ ಸ್ಪೀಕರಿಗೆ ಹಾಕಿ ಕೆಳಗಿಡಿ. ನೀರಿನ ಪೈಪ್ ಎಲ್ಲಿದೆ?”

ಪೈಪು ಕಣದಲ್ಲೇ ಇತ್ತು. ರಭಸ ಬೇಡ, ಮೆಲ್ಲಗೆ ಹರಿಯಲಿ, ಮೂಗಿನ ಕಡೆಯಿಂದ ಹೊರಗಡೆಗೆ ಹರಿಯಲಿ, ರೆಪ್ಪೆ ಎರಡೂ ಬಿಡಿಸಿ ಹಿಡಿಯಿರಿ, ಮೇಲೆ ನೋಡಲಿ, ಕೆಳಗೆ ನೋಡಲಿ. ಒಂದಾದ ಮೇಲೊಂದು ಅಪ್ಪಣೆ. ದೇವಕಿ ಕಿರುಚಿದಳು, ನನ್ನ ಕೈ ಪರಚಿದಳು, ಸಾಕು ಬಿಡಿ ಎಂದು ಅತ್ತಳು. ನನ್ನ ಕೈ ಸಡಿಲಾಯಿತು. ಅದು ಫೋನಿಗೆ ಹೇಗೆ ಕಾಣಿಸಿತೋ.

“ದೇವಕಿ, ನಾನು ಟೀಚರ್ ಕಣಮ್ಮ. ಬೈಬೇಕು ಅನ್ನಿಸಿದ್ರೆ ನನಗೆ ಬೈಯಿ. ಕಣ್ಣು ಮಾತ್ರ ಮುಚ್ಚಬೇಡ.”

ಅರ್ಧ ಗಂಟೆ. ಗಡಿಯಾರ ಅವರ ಕೈಯಲ್ಲಿತ್ತು, ಐದು ನಿಮಿಷಕ್ಕೊಮ್ಮೆ ಹೇಳುತ್ತಿದ್ದರು. ನಡುನಡುವೆ ನನಗೆ ಪಾಠವೂ ನಡೆಯಿತು. ಹತ್ತು ನಿಮಿಷ ಆಯಿತಲ್ಲ, ಈಗಲಾದರೂ ಸ್ವಲ್ಪ ಹುಳಿ ಹಾಕಲೇ ಎಂದು ನಾನು ಕೇಳಿದ್ದಕ್ಕೆ ಅದು. ಆಮ್ಲವೂ ಕ್ಷಾರವೂ ಕೂಡಿದಾಗ ಬಿಸಿ ಹುಟ್ಟುತ್ತದೆ, ಆ ಬಿಸಿಗೆ ಕಣ್ಣೇ ಪಾತ್ರೆಯಾಗುತ್ತದೆ. ಹುಳಿ ಹೆಚ್ಚಾದರೆ ಸುಡುವುದು ಎರಡಾಗುತ್ತದೆ. ನೀವು ಹುಳಿ ಹುಡುಕುತ್ತಾ ಅಡುಗೆಮನೆಗೆ ಓಡುವಷ್ಟರಲ್ಲಿ ಕ್ಷಾರ ಒಳಗಿಳಿಯುತ್ತಾ ಇರುತ್ತದೆ, ಅದು ಆಸಿಡ್ಡಿನಂತೆ ಮೇಲೇ ನಿಲ್ಲುವುದಿಲ್ಲ. ಕೊನೆಗೆ ಹೇಳಿದ ಮಾತು ಮಾತ್ರ ಅವರ ಬಾಯಲ್ಲೇ ಇರಲಿ. “ಹುಳಿಗೆ ಅಳತೆ ಬೇಕು. ನೀರಿಗೆ ಬೇಡ. ಅಳತೆ ಕೇಳೋಕೆ ಟೈಮಿಲ್ಲದಾಗ ನೀರೊಂದೇ ಕಣ್ರೀ.”

ಪಕ್ಕದ ಮನೆಯ ಜೀಪಿನಲ್ಲಿ ಮಡಿಕೇರಿಯ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಬಾಟಲಿಯಿಂದ ನೀರು ಬಿಡುತ್ತಲೇ ಇದ್ದೆ. ನಾವು ಮುಟ್ಟುವಷ್ಟರಲ್ಲಿ ಟೀಚರು ಸುಂಟಿಕೊಪ್ಪದಿಂದ ಬಸ್ಸು ಹತ್ತಿ ಬಂದು ಬಾಗಿಲಲ್ಲಿ ನಿಂತಿದ್ದರು. ಕಣ್ಣಿನ ಡಾಕ್ಟರಮ್ಮ ರೆಪ್ಪೆಯನ್ನು ಮಗುಚಿ, ಒಳಗೆ ಅಂಟಿದ್ದ ಸುಣ್ಣದ ಕಣಗಳನ್ನು ತೆಗೆದು, ಮತ್ತೆ ತೊಳೆದು, ಒಂದು ಬಣ್ಣದ ಕಾಗದದ ಪಟ್ಟಿಯನ್ನು ಕಣ್ಣಿನ ಅಂಚಿಗೆ ಮುಟ್ಟಿಸಿದರು. ಟೀಚರು ಕಾಲ್ಬೆರಳಿನ ಮೇಲೆ ನಿಂತು ಡಾಕ್ಟರ ಭುಜದ ಮೇಲಿಂದ ಆ ಪಟ್ಟಿಯನ್ನೇ ನೋಡಿದರು. ಏಳರ ಹತ್ತಿರ ಬಂದಿದೆ ಎಂದು ಡಾಕ್ಟರು ಹೇಳುವ ಮೊದಲೇ ಅವರ ಮುಖ ಅದನ್ನು ಹೇಳಿತು. ಏಳು ಎಂದರೆ ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ, ಬರೀ ನೀರಿನ ಹಾಗೆ. ಹುಳಿ ಗಿಳಿ ಹಾಕದೆ ಕೂಡಲೇ ನೀರು ಹಾಕಿದ್ದಕ್ಕೆ ಈ ಕಣ್ಣು ಉಳಿಯುವ ಲಕ್ಷಣ ಇದೆ, ಸುಮಾರು ಜನ ಉಲ್ಟಾ ಮಾಡಿಕೊಂಡು ಬರುತ್ತಾರೆ ಎಂದರು ಡಾಕ್ಟರು. ನಾನು ತಲೆ ತಗ್ಗಿಸಿ ನಿಂತಿದ್ದೆ.

ಹೊರಗಿನ ಬೆಂಚಿನಲ್ಲಿ ಕುಳಿತಾಗ ಟೀಚರು ಕಾಚಂಪುಳಿ ಹಾಕಬೇಕೆಂದು ಯಾರು ಹೇಳಿಕೊಟ್ಟರೆಂದು ಕೇಳಿದರು. ನಗಿಸುವ ಉದ್ದೇಶದಿಂದ, ನೀವೇ, ಹಲಗೆಯ ಆಚೆಯಿಂದ, ಎಂದೆ. ಅವರು ನಗಲಿಲ್ಲ. ಬೆರಳು ಉಜ್ಜುವುದನ್ನು ನಿಲ್ಲಿಸಿದರು. ಅವರ ಕೈ ಅಷ್ಟು ಹೊತ್ತು ಸುಮ್ಮನೆ ಮಡಿಲಲ್ಲಿ ಇದ್ದದ್ದನ್ನು ನಾನು ಅದೊಂದೇ ಸಲ ನೋಡಿದ್ದು.

ಆಮೇಲೆ ಹುದಿಕೇರಿಯ ವಿಷಯ ಹೇಳಿದರು. ಅವರು ಮೊದಲು ಕೆಲಸಕ್ಕೆ ಸೇರಿದ್ದು ಆ ಕಡೆಯ ಒಂದು ಶಾಲೆಯಲ್ಲಿ. ಆಗ ಚಿಕ್ಕ ವಯಸ್ಸು, ಪಾಠವೆಂದರೆ ಹುಮ್ಮಸ್ಸು. ಆಮ್ಲ ಪ್ರತ್ಯಾಮ್ಲವನ್ನು ಕಾಚಂಪುಳಿ ಮತ್ತು ಸುಣ್ಣದಿಂದಲೇ ತೋರಿಸಿದ್ದರಂತೆ, ಮನೆಯ ವಸ್ತುವಾದರೆ ಮಕ್ಕಳಿಗೆ ಮರೆಯುವುದಿಲ್ಲವೆಂದು. ತರಗತಿಗೆ ಮೊದಲಿಗಳಾಗಿದ್ದ ಒಬ್ಬ ಹುಡುಗಿ ನಿಜಕ್ಕೂ ಮರೆಯಲಿಲ್ಲ. ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಿಗೆ ಸುಣ್ಣ ಹೊಡೆಯುತ್ತಿದ್ದ ಅವಳ ಅಪ್ಪನ ಕಣ್ಣಿಗೆ ಸುಣ್ಣ ಹಾರಿದಾಗ, ಸುತ್ತ ನಿಂತವರು ನೀರು ತರಲು ಹೊರಟರೆ, ಅವಳು ತಡೆದು ಕಾಚಂಪುಳಿ ಹಾಕಿದಳು. ನಮ್ಮ ಟೀಚರ್ ಹೇಳಿದ್ದಾರೆ ಎಂದಳು. ಕಣ್ಣು ಹೋಯಿತು.

ಒಂದು ತಿಂಗಳ ಮೇಲೆ ಆ ಅಪ್ಪ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಶಾಲೆಗೆ ಬಂದನಂತೆ. ಜಗಳಕ್ಕೆ ಬಂದನೆಂದುಕೊಂಡೇ ಟೀಚರು ಹೊರಗೆ ಹೋದರು. ಅವನು ಕೈಮುಗಿದು ನಿಂತ.

“ಮಗಳಿಗೆ ಬೈಬೇಡಿ ಟೀಚರೇ. ನೀವು ಹೇಳಿಕೊಟ್ಟದ್ದನ್ನ ಸರಿಯಾಗಿಯೇ ಕಲ್ತಿದ್ದಾಳೆ ಅವಳು.”

ಇಷ್ಟು ಹೇಳಿ ಟೀಚರು ಕನ್ನಡಕ ತೆಗೆದು ಒರೆಸಿಕೊಂಡರು. ಅವನು ಬೈದಿದ್ದರೆ ನಾನು ಮರೆತುಬಿಡುತ್ತಿದ್ದೆನೇನೋ ಎಂದರು. ಮುಂದಿನ ವರ್ಷದಿಂದ ಪುಸ್ತಕ ತೆಗೆಯುವ ಮೊದಲು ನಲ್ಲಿ. ಊರು ಬದಲಾದರೂ, ಹೆಡ್‌ಮಾಸ್ಟರು ಬದಲಾದರೂ, ಪಕ್ಕದ ತರಗತಿಯ ಪಂಡಿತರು ನಕ್ಕರೂ. ತಪ್ಪು ನಿಮ್ಮದಲ್ಲ, ಪುಸ್ತಕದಲ್ಲಿದ್ದುದನ್ನೇ ಹೇಳಿದಿರಿ ಎಂದು ನಾನು ಸಮಾಧಾನ ಹೇಳಿದೆ. ಅವರು ಒಪ್ಪಲಿಲ್ಲ. ಪುಸ್ತಕದಲ್ಲಿ ಇಲ್ಲದ್ದನ್ನು ಹೇಳುವುದಕ್ಕೇ ಅಲ್ವೇನ್ರೀ ಟೀಚರ್ ಅಂತ ಇಡೋದು ಎಂದರು. ನನಗೆ ನಾಚಿಕೆಯಾಯಿತು. ಆ ನಲ್ಲಿಯ ಮೇಲೆ ನಾನು ಮಾಡಿದ ತಮಾಷೆಗಳೆಲ್ಲ ಒಂದೊಂದಾಗಿ ನೆನಪಾದವು, ಒಂದೂ ತಮಾಷೆಯಾಗಿ ಉಳಿದಿರಲಿಲ್ಲ.

ದೇವಕಿಯ ಕಣ್ಣು ಉಳಿಯಿತು. ಬಲಗಣ್ಣಿನ ಮೂಲೆಯಲ್ಲಿ ಚೂರು ಮಂಜು ಇದೆ, ಸೂಜಿಗೆ ದಾರ ಪೋಣಿಸುವಾಗ ತಲೆ ಓರೆ ಮಾಡುತ್ತಾಳೆ, ಅಷ್ಟೇ. ಆ ವರ್ಷ ಬೋರ್ಡೋ ಹೊಡೆಯುವುದು ತಡವಾಗಿ ಎಂಟು ಬಳ್ಳಿ ಹೋದವು. ಹೋಗಲಿ.

ಶಾಲೆ ಶುರುವಾದ ಮೇಲೆ ಟೀಚರು ಇನ್ನೊಂದು ಬದಲಾವಣೆ ಮಾಡಿದರು. ನಲ್ಲಿಯ ಪಾಠ ಮುಗಿಸಿ ತರಗತಿಗೆ ಬಂದ ಮೇಲೆ, ಅದೇ ಮಾತನ್ನು ಇನ್ನೊಮ್ಮೆ ಒಳಗೆ ಹೇಳತೊಡಗಿದರು, ಅದೂ ಹಲಗೆಯ ಹತ್ತಿರ ಬಂದು, ಸ್ಕೇಲಿನಿಂದ ಹಲಗೆಯನ್ನು ಬಡಿದು. ಕಣ್ಣಿಗೆ ಸುಣ್ಣ ಬಿದ್ದರೆ ಮೊದಲು ಏನು? ನೀರು ಎಂದು ಅವರ ಮಕ್ಕಳು. ಆಮೇಲೆ ಏನು? ನೀರು. ಹುಳಿ ಯಾವಾಗ? ಯಾವಾಗಲೂ ಇಲ್ಲ. ಆಚೆ ಕಡೆಯವರಿಗೂ ಕೇಳಿಸಿತಾ ಎಂದು ಅವರು ಕೂಗಿದರೆ, ಪದ್ಯ ಓದುತ್ತಿದ್ದ ನನ್ನ ಒಂಬತ್ತನೆಯ ತರಗತಿ ಒಕ್ಕೊರಲಿನಿಂದ ಕೇಳಿಸಿತು ಟೀಚರ್ ಎನ್ನುತ್ತಿತ್ತು. ಅದರಲ್ಲಿ ನನ್ನ ದನಿಯೂ ಇರುತ್ತಿತ್ತು. ದನಿ ಜೋರಾಯಿತೆಂದು ಈ ಸಲ ದೂರು ಕೊಡಬೇಕಾದವನು ನಾನು, ಕೊಡಲಿಲ್ಲ.

ಬೀಳ್ಕೊಡುಗೆಯ ದಿನ ಶಾಲು ಹೊದೆಸಿದೆವು, ಹಣ್ಣಿನ ಬುಟ್ಟಿ ಕೊಟ್ಟೆವು, ನಾನು ಸಕ್ಕರೆ ಜಾಸ್ತಿ ಹಾಕಿಯೇ ಭಾಷಣ ಮಾಡಿದೆ. ಎರಡು ಮಾತು ಆಡಿ ಎಂದು ಒತ್ತಾಯಿಸಿದಾಗ ಅವರು ಎದ್ದು ನಿಂತು, ವರಾಂಡದ ನಲ್ಲಿಯ ವಾಷರ್ ಸವೆದಿದೆ, ನೀರು ಸಣ್ಣಗೆ ಬರುತ್ತಿದೆ, ಮಳೆಗಾಲದ ಮೊದಲು ಯಾರಾದರೂ ಹಾಕಿಸಿ ಎಂದು ಹೇಳಿ ಕುಳಿತರು. ಅಂಥ ಬೀಳ್ಕೊಡುಗೆ ಭಾಷಣವನ್ನು ನಾನು ಬೇರೆಲ್ಲೂ ಕೇಳಿಲ್ಲ. ವಾಷರನ್ನು ಮರುದಿನ ನಾನೇ ಹಾಕಿಸಿದೆ.

ಅವರ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಗಣಿತದವರೇ ವಿಜ್ಞಾನವನ್ನೂ ನೋಡಿಕೊಳ್ಳುತ್ತಿದ್ದಾರೆ, ಅವರಿಗೆ ಪಾಠ ಮುಗಿಸುವ ಆತುರ. ಆದ್ದರಿಂದ ಈ ಜೂನಿನಲ್ಲಿ ನನ್ನ ಒಂದು ಪೀರಿಯಡ್ಡಿಗೆ ಹತ್ತನೆಯ ತರಗತಿಯನ್ನು ನಲ್ಲಿಯ ಹತ್ತಿರ ಕರೆದುಕೊಂಡು ಹೋದೆ. ಮೊದಲು ನಾನೇ ಬಗ್ಗಿದೆ. ನೀರು ತಣ್ಣಗಿತ್ತು, ರೆಪ್ಪೆ ಬಿಡಿಸಿ ಹಿಡಿಯುವುದು ನೋಡಿದಷ್ಟು ಸುಲಭವಲ್ಲ. ದೈಹಿಕ ಶಿಕ್ಷಣದ ಮೇಷ್ಟ್ರು ಸ್ಟಾಫ್ ರೂಮಿನ ಕಿಟಕಿಯಿಂದ, ಪಂಡಿತರು ಮಕ್ಕಳಿಗೆ ಸ್ನಾನ ಮಾಡಿಸುತ್ತಿದ್ದಾರಾ ಎಂದು ಕೇಳಿದರು. ಅವರನ್ನೂ ಹೊರಗೆ ಕರೆದು, ಸಾಲಿನಲ್ಲಿ ನಿಲ್ಲಿಸಿ, ಬಗ್ಗಿಸಿದೆ. ಅರ್ಧ ಕೇಳಿ ನಗುವವನು ಒಂದು ಶಾಲೆಗೆ ಒಬ್ಬನೇ ಸಾಕು.

ಟೀಚರು ತೀರಿಕೊಂಡ ದಿನ ದೇವಕಿಯೂ ನಾನೂ ಕುಶಾಲನಗರದ ಬಸ್ಸು ಹಿಡಿದು ಹೋಗಿದ್ದೆವು. ಅಂಗಳದಲ್ಲಿ ಮಲಗಿಸಿದ್ದರು. ಕನ್ನಡಕ ಇಲ್ಲದ ಅವರ ಮುಖ ನನಗೆ ಹೊಸದಾಗಿ ಕಂಡಿತು, ಹೆಚ್ಚು ಹೊತ್ತು ನೋಡಲಾಗದೆ ಈಚೆ ಬಂದು ನಿಂತೆ. ದೇವಕಿ ಬರಲಿಲ್ಲ. ಜನ ಬಂದರು, ಹೋದರು, ಅವಳು ತಲೆಯ ಹತ್ತಿರ ನಿಂತೇ ಇದ್ದಳು. ತಲೆಯನ್ನು ಚೂರು ಓರೆ ಮಾಡಿಕೊಂಡು, ಸೂಜಿಗೆ ದಾರ ಪೋಣಿಸುವಾಗ ನೋಡುವ ಹಾಗೆ. ಕೊನೆಗೆ ಯಾರೋ ಜರುಗಿ ಎಂದ ಮೇಲೆ ಬಂದಳು.

ವಾಪಸು ಬರುವಾಗ ಬಸ್ಸು ಸುಂಟಿಕೊಪ್ಪ ದಾಟಿತು. ಅಲ್ಲಿ ಅಷ್ಟು ಹೊತ್ತು ಏನು ನೋಡುತ್ತಿದ್ದೆ ಎಂದು ಕೇಳಿದೆ. ಅವಳು ಕಿಟಕಿಯಾಚೆ ನೋಡುತ್ತಾ ಹೇಳಿದಳು.

“ಎಂತ ಇಲ್ಲ. ಎರಡ್ ಕಣ್ಣಲ್ಲೂ ನೋಡ್ದೆ.”